ಮೊದಲು ಕಾವು, ಆಮೇಲೆ ಹಾಲು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಕಚ್ಚುವುದರ ಬಗ್ಗೆ. ಬೆಕ್ಕು ಕಚ್ಚುತ್ತದೆಯೇ, ಪರಚುತ್ತದೆಯೇ, ಎಷ್ಟು ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾಗುತ್ತದೆ? ಕಚ್ಚುತ್ತದೆ, ಪರಚುತ್ತದೆ. ನನ್ನ ಮುಂಗೈಗಳನ್ನು ನೋಡಿದವರು ಅಡುಗೆಯಲ್ಲಿ ಸುಟ್ಟುಕೊಂಡೆಯಾ ಎಂದು ಈಗಲೂ ಕೇಳುತ್ತಾರೆ. ಆದರೆ ಅದಕ್ಕೆಲ್ಲ ಆರು ತಿಂಗಳಲ್ಲಿ ಮೈ ಒಗ್ಗಿಹೋಗುತ್ತದೆ. ಮೂವತ್ತು ವರ್ಷ ದುಡಿದು ಮನೆಗೆ ಬಂದ ಮೇಲೂ ನನಗೆ ಒಗ್ಗದೆ ಉಳಿದದ್ದು, ಕಚ್ಚಲು ಹಲ್ಲೇ ಬಾರದ ಮರಿಗಳು. ಕಣ್ಣು ತೆರೆಯದ, ಕಿವಿ ಬಿಚ್ಚಿಕೊಳ್ಳದ, ಮುಷ್ಟಿ ಮುಚ್ಚಿದರೆ ಕಾಣದೆ ಹೋಗುವ ಮರಿಗಳು. ನಾನು ಬರೆಯಲು ಕೂತಿರುವುದು ಅವುಗಳ ಬಗ್ಗೆ.

ನನ್ನ ಹೆಸರು ಕಸ್ತೂರಿ. ಧಾರವಾಡದ ಹತ್ತಿರದ ಒಂದು ಹಳ್ಳಿಯಿಂದ ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದವಳು. ಗಂಡ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕ್ರೇನ್ ನಡೆಸುತ್ತಿದ್ದರು. ಇಬ್ಬರು ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನೂ ಕೆಲಸ ಹುಡುಕಿದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಪ್ರಾಣಿಗಳ ಒಂದು ಧರ್ಮಾಸ್ಪತ್ರೆ ಇತ್ತು. ಅಲ್ಲಿ ಕಸ ಗುಡಿಸಲು ಸೇರಿದೆ, ಬೆಕ್ಕಿನ ವಾರ್ಡಿನ ಅಟೆಂಡೆಂಟ್ ಆಗಿ ನಿವೃತ್ತಳಾದೆ. ನಡುವಿನ ಮೆಟ್ಟಿಲುಗಳ ಕಥೆ ಯಾರಿಗೂ ಬೇಡ.

ಆಗ ನಮ್ಮ ಹಿರಿಯ ಡಾಕ್ಟರು ಪೆಡ್ನೇಕರ್ ಅಂತ. ಉದ್ದನೆಯ ಮನುಷ್ಯ. ಮೇಜಿನ ಮೇಲೆ ಪ್ರಾಣಿ ಇರುವಷ್ಟು ಹೊತ್ತು ತಾವು ಕೂರುತ್ತಿರಲಿಲ್ಲ, ಬೇರೆಯವರನ್ನೂ ಕೂರಲು ಬಿಡುತ್ತಿರಲಿಲ್ಲ. ಗುಡಿಸುವ ನನ್ನನ್ನೂ ಬಹುವಚನದಲ್ಲಿಯೇ ಕರೆಯುತ್ತಿದ್ದರು. ಮಾತೆಲ್ಲ ಮರಾಠಿ. ಅವರು ಬೈದದ್ದಕ್ಕಿಂತ ಬೈಯದೆ ನಿಂತು ನೋಡಿದ್ದು ಹೆಚ್ಚು ಉರಿಯುತ್ತಿತ್ತು.

ಬೆಕ್ಕಿನ ವಾರ್ಡಿಗೆ ನನ್ನನ್ನು ಹಾಕಿದ್ದು ಅವರೇ. ಒಂದು ದಿನ ನೆಲ ಒರೆಸುವಾಗ, ಪಂಜರದ ಮೂಲೆಗೆ ಹೋಗಿ ಗುರುಗುಟ್ಟುತ್ತಿದ್ದ ಒಂದು ಗಂಡು ಬೆಕ್ಕನ್ನು ನಾನು ಕನ್ನಡದಲ್ಲಿ ಮಾತಾಡಿಸುತ್ತ ಹೊರಗೆ ತೆಗೆದದ್ದನ್ನು ನೋಡಿದ್ದರಂತೆ. ಮರುದಿನ ಕಸಬರಿಗೆ ಬೇರೆಯವರ ಕೈಗೆ ಹೋಯಿತು. ಆಗಿನ ನಮ್ಮ ಸಾಮಾನು ಹೇಳಿದರೆ ಈಗಿನವರು ನಗುತ್ತೀರಿ. ಚಪ್ಪಲಿ ಅಂಗಡಿಯಿಂದ ಬೇಡಿ ತಂದ ರಟ್ಟಿನ ಡಬ್ಬಿ, ಅದರ ಮೇಲೊಂದು ಬಲ್ಬು, ನೀರು ಬೆರೆಸಿದ ಆಕಳ ಹಾಲು, ಮಕ್ಕಳ ಪೆನ್ನಿಗೆ ಇಂಕು ತುಂಬುವ ಫಿಲ್ಲರ್. ಇಷ್ಟರಲ್ಲಿಯೇ ಮರಿಗಳು ಬದುಕಬೇಕು. ಹೆಚ್ಚಿನವು ಬದುಕುತ್ತಿರಲಿಲ್ಲ.

ವಾರ್ಡಿಗೆ ಬಂದು ಎಂಟು ತಿಂಗಳಾಗಿರಬಹುದು. ನಮ್ಮ ಆಸ್ಪತ್ರೆಯಿಂದ ನಾಲ್ಕು ಕಟ್ಟಡ ಆಚೆ ಒಂದು ಹೊಸ ಬಿಲ್ಡಿಂಗ್ ಏಳುತ್ತಿತ್ತು. ಅಲ್ಲಿ ವಿಜಾಪುರದ ಕಡೆಯ ಹೆಣ್ಣಾಳುಗಳು ಕೆಲಸ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಅವರಲ್ಲೊಬ್ಬಳು ವಾರ್ಡಿನ ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೂ ಸಿಮೆಂಟಿನ ಬೂದಿ. ಸೆರಗಿನ ತುದಿಯನ್ನು ಗಂಟು ಹಾಕಿ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಕ್ಕಾರ, ನಿಮಗ ಕನ್ನಡ ಬರ್ತೈತಂತಲ್ರಿ?" ಎಂದಳು.

"ಬರ್ತೈತಿ. ಏನದು?"

"ಪ್ಲೈವುಡ್ ಸಂದ್ಯಾಗ ಬೆಕ್ಕ ಮರಿ ಹಾಕಿತ್ರಿ. ಹಲಿಗಿ ಬಿಚ್ಚೂಮುಂದ ತಾಯಿ ಹೆದರಿ ಓಡಿ ಹೋಗೈತಿ. ಮೂರಿದ್ದುವು. ಎರಡು ಹೋದುವು. ಇದೊಂದ ಇನ್ನಾ ಉಸರಾಡಾಕತ್ತೈತಿ ನೋಡ್ರಿ."

ಅವಳ ಹೆಸರು ಯಮನವ್ವ. ಗಂಟು ಬಿಚ್ಚಿದಾಗ ಒಳಗೆ ಹಳದಿ ಪಟ್ಟೆಯ ಒಂದು ಮರಿ. ಹೊಕ್ಕುಳ ಬಳ್ಳಿಯ ತುಂಡು ಇನ್ನೂ ಒಣಗಿರಲಿಲ್ಲ. ಮುಟ್ಟಿದರೆ ಹಸಿ ಮಣ್ಣು ಮುಟ್ಟಿದ ಹಾಗೆ ತಣ್ಣಗಿತ್ತು. ಬಾಯಿ ಒಮ್ಮೊಮ್ಮೆ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಬಾಯಿ ತೆರೆಯುತ್ತಿದೆ ಎಂದರೆ ಹಸಿವು ಎಂದು ನಾನು ತಿಳಿದೆ. ಎರಡು ಮಕ್ಕಳನ್ನು ಹೆತ್ತು ಒಳಲೆಯಲ್ಲಿ ಹಾಲು ಹಾಕಿ ಸಾಕಿದವಳು, ನನಗೆ ಯಾರು ಹೇಳಿಕೊಡಬೇಕು? ಹಾಲು ಬೆಚ್ಚಗೆ ಮಾಡಿದೆ. ಮರಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿದೆ. ಫಿಲ್ಲರಿನಿಂದ ಹಾಲು ಬಿಟ್ಟೆ. ಒಂದು ಹನಿ, ಎರಡು, ಮೂರು. ನಾಲ್ಕನೆಯದು ಮೂಗಿನಿಂದ ಹೊರಗೆ ಬಂತು. ಮರಿ ಒಮ್ಮೆ ಸೆಟೆದುಕೊಂಡು ಬಾಯಿ ಅಗಲಿಸಿತು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಯಮನವ್ವ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಲೇ ಇದ್ದಳು.

"ನಾ ತಡಾ ಮಾಡಿದ್ನೇನ್ರಿ ಅಕ್ಕಾ?" ಎಂದಳು. "ಹತ್ತು ಗಂಟೇಕ್ಕ ನೋಡೇನ್ರಿ. ಮುಕಾದಮ ಬಿಡಲಿಲ್ಲ. ಸುಟ್ಟಿ ಆದ ಕೂಡ್ಲೇ ಓಡಿ ಬರಬೇಕಿತ್ತು, ಹೊಟ್ಟಿ ಹಸದಿತ್ತು, ರೊಟ್ಟಿ ತಿಂದು ಬಂದ್ನಿ. ರೊಟ್ಟಿ ಬಿಟ್ಟು ಬಂದಿದ್ರ ಉಳೀತಿತ್ತೇನ್ರಿ?"

ಹಾಲು ಮೂಗಿನಿಂದ ಬಂದ ಕ್ಷಣದಲ್ಲಿಯೇ ನನ್ನ ಕೈಯಿಂದ ಏನೋ ತಪ್ಪಾಯಿತೆಂದು ನನಗೆ ಗೊತ್ತಾಗಿತ್ತು. ಏನೆಂದು ಗೊತ್ತಿರಲಿಲ್ಲ, ಆದದ್ದು ಮಾತ್ರ ಗೊತ್ತಿತ್ತು. ಆದರೂ ನಾನು ಹೇಳಿದೆ:

"ಹೂಂ, ತಡಾ ಆತವಾ. ಸ್ವಲ್ಪ ಮೊದಲ ತಂದಿದ್ದರ ಏನರೆ ಮಾಡಬಹುದಿತ್ತು."

ಅವಳು ತಲೆಯಾಡಿಸಿದಳು. ಎದ್ದು, ಖಾಲಿ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು.

ಡಾಕ್ಟರು ಬಂದವರು ಮರಿಯನ್ನು ನೋಡಿದರು. ಕಿರುಬೆರಳಿನ ತುದಿಯನ್ನು ಅದರ ಬಾಯೊಳಗೆ ಇಟ್ಟರು. ಮೂಗಿನ ಹತ್ತಿರ ಅಂಟಿದ್ದ ಹಾಲನ್ನು ನೋಡಿದರು.

"ಹಾಲು ಕುಡಿಸಿದಿರಾ?"

"ಹೌದು ಡಾಕ್ಟರ್‌ಸಾಹೇಬ."

"ಬೆಚ್ಚಗೆ ಮಾಡಿ?"

"ಹಾಲು ಬೆಚ್ಚಗೇ ಇತ್ತು."

"ಹಾಲಲ್ಲ, ಕಸ್ತೂರಿಬಾಯಿ. ಮರಿ."

ಆಮೇಲೆ ನಿಂತುಕೊಂಡೇ ತಿಳಿಸಿ ಹೇಳಿದರು. ಇಷ್ಟು ಚಿಕ್ಕ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದರೆ ಹೊಟ್ಟೆ ಕೆಲಸ ನಿಲ್ಲಿಸುತ್ತದೆ, ನುಂಗುವುದೂ ನಿಲ್ಲುತ್ತದೆ. ಆಗ ಹಾಕಿದ ಹಾಲು ಶ್ವಾಸಕ್ಕೆ ಹೋಗುತ್ತದೆ. ಅಂಗಾತ ಹಿಡಿದರಂತೂ ಖಂಡಿತ. "ಆಧೀ ಊಬ್, ಮಗ್ ದೂಧ್," ಎಂದರು. ಮೊದಲು ಕಾವು, ಆಮೇಲೆ ಹಾಲು. ಮೂರು ದಶಕದಲ್ಲಿ ನನಗೆ ಯಾರಾದರೂ ಕಲಿಸಿದ ಪಾಠವೆಂದರೆ ಇದೊಂದೇ, ಉಳಿದದ್ದೆಲ್ಲ ಇದರ ಬಾಲ.

"ತಂದವರು ಎಲ್ಲಿ?" ಎಂದು ಕೇಳಿದರು.

"ಹೋದಳು. ತಡವಾಗಿ ತಂದೆನಾ ಅಂತ ಕೇಳಿದಳು. ಹೌದು ಅಂದೆ."

ಡಾಕ್ಟರು ಬಹಳ ಹೊತ್ತು ಕೈ ತೊಳೆದರು. "ಇದು ಬದುಕುತ್ತಿತ್ತು ಅಂತ ನಾನೂ ಹೇಳಲಾರೆ," ಎಂದರು. "ಆದರೆ ಮರಿಯ ವಿಷಯದಲ್ಲಿ ನಿಮಗೆ ಗೊತ್ತಿರಲಿಲ್ಲ. ಆ ಹೆಂಗಸಿನ ವಿಷಯದಲ್ಲಿ ಗೊತ್ತಿತ್ತು." ಟವೆಲು ಮಡಚಿಟ್ಟು ಹೊರಗೆ ಹೋದರು. ಆಮೇಲೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಮರುದಿನವೇ ಹೋಗಿ ಹೇಳಬೇಕಿತ್ತು. ನಾಲ್ಕು ಕಟ್ಟಡದ ದೂರ. ವಾರ್ಡಿನ ಕಿಟಕಿಯಿಂದ ಆ ಬಿಲ್ಡಿಂಗಿಗೆ ಆಳುಗಳು ಹತ್ತಲು ಕಟ್ಟಿದ ಬಿದಿರಿನ ಪರಾಂಚಿ ಕಾಣುತ್ತಿತ್ತು. ಒಂದೆರಡು ಸಲ ಬುಟ್ಟಿ ಹೊತ್ತು ಮೇಲೇರುತ್ತಿದ್ದ ಅವಳೂ ಕಂಡಳು. ಒಮ್ಮೆ ಅವಳು ಇತ್ತ ನೋಡಿದಾಗ ನಾನು ಕೈಬೀಸಿದೆ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮೂರು ತಿಂಗಳು ಕಳೆಯಿತು. ಈ ನಡುವೆ ನಾನು ಕೆಲಸ ಕಲಿತೆ. ನನ್ನ ಕೈಯಲ್ಲಿ ಎರಡು ಮರಿ ಉಳಿದವು ಕೂಡ. ಉಳಿದಾಗಲೆಲ್ಲ ಅವಳ ನೆನಪಾಗುತ್ತಿತ್ತು. ಒಂದು ದಿನ ನೋಡುತ್ತೇನೆ, ಪರಾಂಚಿ ಬಿಚ್ಚುತ್ತಿದ್ದಾರೆ. ಊಟದ ಹೊತ್ತಿಗೆ ಓಡಿದರೆ, ಬರೀ ಬಣ್ಣ ಬಳಿಯುವವರಿದ್ದರು. ವಾಚಮನ್ ಹೇಳಿದ, "ವೋ ಗ್ಯಾಂಗ್ ತೋ ದಹಿಸರ್ ಗಯಾ." ಆಳುಗಳೆಲ್ಲ ಆಗಲೇ ದಹಿಸರಿಗೆ ಹೋಗಿದ್ದರು.

ನನ್ನ ವಾರದ ರಜೆ ಗುರುವಾರ. ಆ ಗುರುವಾರ ಬೆಳಿಗ್ಗೆ ಸೀರೆ ಬದಲಿಸುತ್ತಿದ್ದಾಗ ಗಂಡ ಕೇಳಿದರು, "ಒಂದ ಬೆಕ್ಕಿನ ಮರಿ ಸಲುವಾಗಿ ದಹಿಸರಕ್ಕ ಹೊಂಟೀಯೇನ?"

"ಬೆಕ್ಕಿನ ಸಲುವಾಗಿ ಅಲ್ಲರಿ," ಎಂದೆ. ಅವರು ಮುಂದೆ ಕೇಳಲಿಲ್ಲ. ದಾದರ್‌ವರೆಗೆ ಬಂದು ವಿರಾರ್ ಲೋಕಲ್ ತೋರಿಸಿ, ಹೆಂಗಸರ ಡಬ್ಬಿಗೆ ಹತ್ತಿಸಿ ಹೋದರು.

ದಹಿಸರ್ ಸ್ಟೇಷನ್ನಿನ ಪೂರ್ವಕ್ಕೆ ಎರಡು ಕಡೆ ಕಟ್ಟಡದ ಕೆಲಸ ನಡೆದಿತ್ತು. ಮೊದಲನೆಯದರಲ್ಲಿ ಅವಳಿರಲಿಲ್ಲ. ಎರಡನೆಯದರಲ್ಲಿ ಯಮನವ್ವ ಜರಡಿ ಹಿಡಿದು ಉಸುಕು ಸೋಸುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದಳು, ನಕ್ಕಳು ಕೂಡ. "ಅಕ್ಕಾ, ಇಲ್ಲೆಲ್ಲಿ ಬಂದ್ರಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಆ ಮರಿ ನಿನ್ನಿಂದ ಸಾಯಲಿಲ್ಲ ಯಮನವ್ವಾ," ಎಂದೆ. "ಅದಕ್ಕ ಮೊದಲ ಕಾವು ಕೊಡಬೇಕಾಗಿತ್ತು. ನಾ ತಿಳೀದ ಹಾಲು ಹಾಕಿದೆ. ಹಾಲು ಶ್ವಾಸಕ್ಕ ಹೋತು. ನೀ ತಡಾ ಮಾಡಲಿಲ್ಲ. ತಪ್ಪು ನಂದು. ನಾ ನಿನಗ ಸುಳ್ಳ ಹೇಳಿದೆ."

ಅವಳ ಕೈಯಲ್ಲಿ ಜರಡಿ ನಿಂತಿತು. ಅಳುತ್ತಾಳೆ, ಇಲ್ಲವೇ "ಹೋಗ್ಲಿ ಬಿಡ್ರಿ" ಎನ್ನುತ್ತಾಳೆ ಎಂದು ನಾನು ಅಂದುಕೊಂಡಿದ್ದೆ.

"ಮೂರ ತಿಂಗಳಾತು," ಎಂದಳು. ದನಿ ಏರುತ್ತ ಹೋಯಿತು. "ಮಧ್ಯಾಹ್ನ ರೊಟ್ಟಿ ಮುರದ ಕೂಡ್ಲೇ ಅದರ ಬಾಯಿ ಕಣ್ಣಿಗೆ ಬರ್ತೈತಿ. ತುತ್ತ ಇಳೀವಲ್ಲದು. ನನ್ನ ಗಂಡ ಹುಚ್ಚಿ ಅಂತ ಬೈದಾ. ನೀ ಆ ಕಿಟಕ್ಯಾಗ ನಿಂತಿದ್ದಿ, ನಾ ನೋಡೀನಿ. ಕೈ ಮಾಡಿದಿ! ಕೈ ಮಾಡಾಕ ಬಂತು, ಇಳದು ಬಂದು ಹೇಳಾಕ ಕಾಲು ಬರಲಿಲ್ಲೇನು ನಿನಗ?"

ಉಳಿದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಅವಳು ಮತ್ತೆ ಉಸುಕು ತುಂಬಿ ಜರಡಿಯಾಡಿಸತೊಡಗಿದಳು. ಧೂಳು ನನ್ನ ಸೀರೆಯ ಮೇಲೆಲ್ಲ ಕೂತಿತು. ನಾನು ಅಲ್ಲಿಯೇ ನಿಂತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವಳು ಇತ್ತ ತಿರುಗದೆಯೇ ಕೇಳಿದಳು:

"ಮತ್ತ ಯಾರಿಗರೆ ಹಿಂಗ ಅಂದೀಯೇನು?"

"ಇಲ್ಲವಾ. ಇನ್ನ ಅನ್ನೂದಿಲ್ಲ."

"ಹೋಗು ಹಂಗಾರ."

ಅಷ್ಟೇ. ಅವಳು ಕ್ಷಮಿಸಿದಳೆಂದು ನಾನು ಹೇಳಲಾರೆ. ಬರುವಾಗ ರೈಲಿನಲ್ಲಿ ಮನಸ್ಸು ಹಗುರವಾಯಿತೆಂದು ಬರೆದರೂ ಸುಳ್ಳಾಗುತ್ತದೆ. ಅವಮಾನವಾಗಿತ್ತು. ಅವಳು ನಾಳೆ ಮಧ್ಯಾಹ್ನ ಸರಿಯಾಗಿ ಉಂಡಾಳು ಎಂಬುದೊಂದೇ ಯೋಚನೆ. ಉಂಡಳೋ ಇಲ್ಲವೋ ತಿಳಿಯುವ ದಾರಿ ನನಗಿರಲಿಲ್ಲ. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಈ ಕೆಲಸಕ್ಕೆ ಬರುವ ನಿಮಗೆ ಇದನ್ನು ಮೊದಲಿಗೇ ಹೇಳಿದ್ದೇಕೆಂದರೆ, ಮರಿ ಸತ್ತಾಗ ಎದುರಿಗಿದ್ದವರು ಕೇಳುವುದು ಇದೊಂದೇ ಪ್ರಶ್ನೆ. ಮರಾಠಿಯಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ, ಗುಜರಾತಿಯಲ್ಲಿ ಕೇಳುತ್ತಾರೆ. ನನ್ನಿಂದ ಆಯಿತಾ? ಆ ಹೊತ್ತಿಗೆ ನಿಮ್ಮ ಬಾಯಿಂದ ಬರುವ ಮಾತನ್ನು ಅವರು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅವರ ತಪ್ಪಿದ್ದರೆ ಮೆತ್ತಗೆ ಹೇಳಿ, ಮುಂದಿನ ಮರಿ ಉಳಿಯುತ್ತದೆ. ನಿಮ್ಮ ತಪ್ಪಿದ್ದರೆ ಅಂದೇ ಹೇಳಿ. "ಬೆಕ್ಕಿನ ಮರಿ ತಾನೇ, ಇನ್ನೊಂದು ಸಿಗುತ್ತದೆ" ಎಂದು ಮಾತ್ರ ಯಾವತ್ತೂ ಹೇಳಬೇಡಿ. ಎರಡು ಗಂಟೆಗೊಮ್ಮೆ ಎದ್ದು, ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸಿ ಸಾಕಿದವರಿಗೆ ಅದು ಇನ್ನೊಂದಲ್ಲ.

ಎಲ್ಲವೂ ಸತ್ತವೆಂದು ತಿಳಿಯಬೇಡಿ. ನಮ್ಮ ಆಂಟಾಪ್ ಹಿಲ್ಲಿನಲ್ಲಿಯೇ ಬೆಳಗಾವಿಯ ಒಬ್ಬ ಬಟ್ಟೆ ವ್ಯಾಪಾರಿ ಇದ್ದರು, ಗುರುಸಿದ್ಧಪ್ಪ ಅಂತ. ಅಂಗಡಿಯ ಥಾನುಗಳ ಹಿಂದೆ ಸಿಕ್ಕ ಮರಿಯೊಂದನ್ನು ತಂದರು. ಮೈಯ ಕಾವು ಬೇಕು ಎಂದು ನಾನು ಹೇಳಿದ್ದನ್ನು ಅವರು ಹಾಗೆಯೇ ತೆಗೆದುಕೊಂಡರು. ಬನಿಯನ್ನಿನೊಳಗೆ ಒಂದು ಚೀಲ ಹೊಲಿಸಿ ಅದರಲ್ಲಿ ಮರಿ ಇಟ್ಟುಕೊಂಡು ಗಲ್ಲೆಯ ಮೇಲೆ ಕೂರುತ್ತಿದ್ದರು. ಸೀರೆ ತೋರಿಸುವಾಗ ಅವರ ಹೊಟ್ಟೆಯಿಂದ ಮಿಯಾಂವ್ ಎಂದು ಕೇಳಿದರೆ ಗಿರಾಕಿಗಳು ಗಾಬರಿಯಾಗುತ್ತಿದ್ದರು. "ಹೊಟ್ಟಿ ಸರಿ ಇಲ್ಲರಿ, ನೀವು ಸೆರಗು ನೋಡ್ರಿ" ಎನ್ನುತ್ತಿದ್ದರಂತೆ. ಆ ಮರಿ ದೊಡ್ಡ ಬೆಕ್ಕಾಗಿ ಹದಿನಾಲ್ಕು ವರ್ಷ ಅವರ ಅಂಗಡಿಯ ರೇಷ್ಮೆಯ ಮೇಲೆಯೇ ಮಲಗಿತು.

ಪೆಡ್ನೇಕರ್ ಡಾಕ್ಟರು ನಿವೃತ್ತರಾಗಿ ಡಿಸೋಜಾ ಮೇಡಂ ಬಂದರು. ನನ್ನ ಮಗಳ ವಯಸ್ಸಿನವರು. ಬಂದ ತಿಂಗಳಲ್ಲಿ ಫಿಲ್ಲರುಗಳನ್ನೆಲ್ಲ ಕಸಕ್ಕೆ ಹಾಕಿಸಿದರು. ಆಕಳ ಹಾಲು ಬಂದ್, ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬಂತು. ದಿನಾ ಗ್ರಾಮಿನಲ್ಲಿ ತೂಕ ಬರೆಯಬೇಕು. ಚೀಪಲಾಗದ ಮರಿಗೆ ಎಳೆಯಷ್ಟು ತೆಳ್ಳಗಿನ ನಳಿಕೆಯನ್ನು ಬಾಯಿಯ ಮೂಲಕ ಹೊಟ್ಟೆಗೇ ಇಳಿಸುವುದು. ಅದನ್ನು ನೋಡಿ ನಾನು, "ಇದೆಂಥ ಕ್ರೌರ್ಯ ಮೇಡಂ, ಗಂಟಲಿಗೆ ಪೈಪು?" ಎಂದು ಜಗಳವಾಡಿದೆ. ನಾಲ್ಕು ದಿನ ಮುಖ ಗಂಟಿಕ್ಕಿಕೊಂಡಿದ್ದೆ. ಐದನೆಯ ದಿನ, ನಾನು ಕೈಬಿಟ್ಟಿದ್ದ ಒಂದು ಮರಿ ಆ ನಳಿಕೆಯಿಂದಲೇ ಹೊಟ್ಟೆ ತುಂಬಿಸಿಕೊಂಡು ನನ್ನ ಹೆಬ್ಬೆರಳನ್ನು ಕಾಲಿನಿಂದ ತಳ್ಳಿತು. ನಾನು ಮೇಡಂ ಬಳಿ ಹೋಗಿ, "ನಂಗೂ ಕಲಸ್ರಿ" ಎಂದೆ. ಅವರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು.

ಆದರೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಸಾಯುವ ಮರಿಗಳಿವೆ. ಹುಟ್ಟುವಾಗಲೇ ಒಳಗೆ ಏನೋ ಕಡಿಮೆಯಿರುತ್ತದೆ. ತಾಯಿಗೆ ಅದು ಹೇಗೋ ತಿಳಿದು ಉಳಿದವನ್ನು ಕಚ್ಚಿಕೊಂಡು ಹೋಗುತ್ತದೆ, ಇದನ್ನು ಬಿಡುತ್ತದೆ. ತಪ್ಪು ಮಾಡಿ ಕಳೆದುಕೊಂಡಾಗ ಕಡೇಪಕ್ಷ ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಇಲ್ಲಿ ಅದೂ ಇಲ್ಲ. ನನ್ನ ಕೆಲಸದ ಕೊನೆಯ ತಿಂಗಳಲ್ಲಿ ಬಂದದ್ದು ಅಂಥ ಒಂದು ಮರಿ.

ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್ ಸದಾನಂದ ಅವರ ಮಗಳು ಶ್ರಾವ್ಯಾ, ಕಾಲೇಜಿನಲ್ಲಿ ಎರಡನೆಯ ವರ್ಷ. ಹೋಟೆಲಿನ ಉಗ್ರಾಣದಲ್ಲಿ ಅಕ್ಕಿಚೀಲಗಳ ಹಿಂದೆ ಬೆಕ್ಕು ಹೆತ್ತು, ಮೂರನ್ನು ಒಯ್ದು ಒಂದನ್ನು ಬಿಟ್ಟುಹೋಗಿತ್ತು. ಬೂದು ಬಣ್ಣದ, ತೊಂಬತ್ತು ಗ್ರಾಂ ತೂಗದ ಮರಿ. ಅವಳು ಅದನ್ನು ಬಿಸಿನೀರಿನ ಬಾಟಲಿಯ ಪಕ್ಕ ಟವೆಲಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ತಂದಳು. ಮೊಬೈಲಿನಲ್ಲಿ ನೋಡಿ ಕಲಿತಿದ್ದಳಂತೆ.

"ಆಂಟಿ, ಗರಮ್ ಮಾಡಿ ತಂದೆ. ಹಾಲು ಇನ್ನೂ ಕೊಡ್ಲಿಲ್ಲ. ಸಹೀ ಕಿಯಾ ನಾ?" ಎಂದಳು.

"ಸರಿ ಮಾಡಿದಿ," ಎಂದೆ. ಎಷ್ಟು ಸರಿಯೆಂದು ಅವಳಿಗೆ ಹೇಗೆ ತಿಳಿಸಲಿ?

ಮರಿಗೆ ನಿಧಾನವಾಗಿ ಚೀಪಲು ಬರುತ್ತಿತ್ತು. ಮೇಡಂ ಪರೀಕ್ಷಿಸಿ, ಮನೆಯಲ್ಲಿಯೇ ಸಾಕಬಹುದು, ದಿನಕ್ಕೊಮ್ಮೆ ತೂಕಕ್ಕೆ ತಾ ಎಂದರು. ನಾನು ಮರಿಯ ಹೊಟ್ಟೆ ಕೆಳಗೆ ಮಾಡಿ ಹಿಡಿಯುವುದನ್ನು, ಸಿರಿಂಜಿನಿಂದ ಬಿಡುವುದನ್ನು ತೋರಿಸಿಕೊಟ್ಟೆ. ಹಾಲು ಕೊಟ್ಟ ಹೊತ್ತಿಗೆಲ್ಲ ಗುರುತು ಹಾಕಲು ಒಂದು ಹಾಳೆ ಕೊಟ್ಟೆ. "ಮನ್ಯಾಗ ಸಹಾಯಕ್ಕ ಯಾರದಾರ?" ಎಂದು ಕೇಳಿದೆ.

"ಮಮ್ಮಿ ಊರಲ್ಲಿ ಇದ್ದಾರೆ, ಅಜ್ಜಿಗೆ ಹುಷಾರಿಲ್ಲ. ಅಪ್ಪ ತೋ..." ಅವಳು ತುಟಿ ತಿರುಚಿದಳು. "ಅಪ್ಪ ಬೋಲೆ, ಹೋಟೆಲ್ ಮೇಲಿನ ಮನೇಲಿ ಬೆಕ್ಕು ನಹೀ ಚಲೇಗಾ. ನಾನು ಕೇಳ್ಲೇ ಇಲ್ಲ."

ಎಂಟು ದಿನ ಅವಳು ತಪ್ಪದೆ ಬಂದಳು. ತೂಕ ಒಂದು ದಿನ ಎರಡು ಗ್ರಾಂ ಏರುತ್ತಿತ್ತು, ಮರುದಿನ ಒಂದು ಇಳಿಯುತ್ತಿತ್ತು. ಅವಳ ಕಣ್ಣ ಕೆಳಗೆ ಕಪ್ಪಾಯಿತು. ಹಾಳೆಯಲ್ಲಿ ಎಲ್ಲ ಹೊತ್ತಿಗೂ ಗುರುತು ಇರುತ್ತಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು. ಮರಿ ಚೀಪುವುದನ್ನು ನಿಲ್ಲಿಸಿತ್ತು. ಮೇಡಂ ಗ್ಲೂಕೋಸ್ ಕೊಟ್ಟರು, ನಳಿಕೆ ಹಾಕಿದರು, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಬಿಟ್ಟರು. ನಮ್ಮ ಬಳಿ ಇದ್ದದ್ದನ್ನೆಲ್ಲ ಮಾಡಿದೆವು. ಹನ್ನೆರಡಕ್ಕೆ ಸ್ವಲ್ಪ ಮೊದಲು ಅದು ಉಸಿರು ನಿಲ್ಲಿಸಿತು. ಮೈ ಆಗಲೂ ಬೆಚ್ಚಗೇ ಇತ್ತು.

ಮೇಡಂ ಅವಳ ಭುಜ ಮುಟ್ಟಿ ಹೋದರು. ನಾನು ಮರಿಯ ಬಾಯಿ ಒರೆಸಿ, ಹಳೆಯ ಮೆತ್ತನೆಯ ಬಟ್ಟೆಯಲ್ಲಿಟ್ಟು ಅವಳ ತೊಡೆಯ ಮೇಲೆ ಕೊಟ್ಟೆ. ಕೊಡಬೇಕು. ತಕ್ಷಣ ಒಯ್ದು ಕಣ್ಮರೆ ಮಾಡಿದರೆ ಕಳುಹಿಸಿಕೊಟ್ಟ ಹಾಗಾಗುವುದಿಲ್ಲ. ಅವಳು ಅಳಲಿಲ್ಲ. ಬಟ್ಟೆಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಆಂಟಿ, ನಾನು ಝೂಟ್ ಬರೆದೆ. ಚಾರ್ಟ್‌ನಲ್ಲಿ."

"ಏನು?"

"ಬೆಳಿಗ್ಗೆ ಐದು ಗಂಟೆದು. ಅಲಾರಂ ಆದ್ರೂ ನನಗೆ ಏಳೋಕೆ ಆಗ್ಲಿಲ್ಲ. ಪಾಂಚ್ ದಿನ್. ಸಾತ್ ಬಜೆ ಏಳ್ತಿದ್ದೆ. ನಿಮಗೆ, ಮೇಡಂಗೆ ಗೊತ್ತಾಗ್ಬಾರ್ದು ಅಂತ ಟಿಕ್ ಮಾಡ್ದೆ. ವೋ ಭೂಖಾ ಥಾ ಆಂಟಿ, ಹಸಿವಾಗಿತ್ತು ಅದಕ್ಕೆ. ನನ್ನಿಂದ ಆಯ್ತು."

ಐದು ದಿನ, ದಿನಕ್ಕೊಂದು ಹೊತ್ತು. ನಾನು ಯೋಚಿಸಿದೆ. ಆರೋಗ್ಯವಾದ ಮರಿಯಾದರೆ ತಡೆಯುತ್ತಿತ್ತು. ಇಷ್ಟು ಸೊರಗಿದ ಮರಿಗೆ ಅದರಿಂದ ಏನೂ ಆಗಲಿಲ್ಲ ಎಂದು ಹೇಳಿದರೆ ನನಗೆ ಗೊತ್ತಿಲ್ಲದ್ದನ್ನು ಹೇಳಿದ ಹಾಗೆ. ಹೌದು ಎನ್ನುವುದೂ ಗೊತ್ತಿಲ್ಲದ್ದೇ. ಅವಳು ನನ್ನ ಮಾತಿಗೆ ಕಾಯುತ್ತಿದ್ದಳು. "ನಂಗ ಗೊತ್ತಿಲ್ಲ ಶ್ರಾವ್ಯಾ," ಎಂದೆ. "ಹೊಟ್ಟಿ ಒಳಗ ಏನಿತ್ತೋ ಯಾರಿಗೂ ಗೊತ್ತಿಲ್ಲ. ಆದರ ನೀ ಹೇಳಿದ್ದು ಛಲೋ ಆತು." ಅದು ಅವಳಿಗೆ ಸಾಲಲಿಲ್ಲ. ಅವಳ ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿನಲ್ಲಿ ಹೊರಗಿನಿಂದ ಯಾರೋ ನನ್ನನ್ನು ಕೇಳುತ್ತಿದ್ದಾರೆಂದು ಕರೆದರು. ಬಿಳಿ ಅಂಗಿಯ, ಐವತ್ತು ದಾಟಿದ ಒಬ್ಬರು ಕಾರಿಡಾರಿನಲ್ಲಿ ನಿಂತಿದ್ದರು. ಕಿಸೆಯಲ್ಲಿ ಬಿಲ್ಲಿನ ಪುಸ್ತಕ ಹಾಗೆಯೇ ಇತ್ತು. ಹೋಟೆಲಿನ ಊಟದ ಗದ್ದಲ ಶುರುವಾಗುವ ಹೊತ್ತು ಅದು.

"ನಾನು ಶ್ರಾವ್ಯಾಳ ತಂದೆ. ಅವಳು ಮೆಸೇಜ್ ಹಾಕಿದಳು, ಹೋಯ್ತು ಅಂತ," ಎಂದರು. ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿದರು. "ನಿಮ್ಮತ್ರ ಒಂದು ವಿಷಯ ಕೇಳ್ಲಿಕ್ಕುಂಟು ಅಮ್ಮಾ. ಅವಳಿಗೆ ಗೊತ್ತಾಗುದು ಬೇಡ. ನಾನು ಬೆಳಿಗ್ಗೆ ಅಡಿಗೆಮನೆ ತೆಗೀಲಿಕ್ಕೆ ಐದು ಗಂಟೆಗೆ ಏಳುದು. ಅಲಾರಂ ಹೊಡ್ಕೊಳ್ತಾ ಇರ್ತದೆ, ಇವಳಿಗೆ ಎಚ್ಚರವೇ ಇಲ್ಲ. ಅದು ಕುಂಯ್ ಕುಂಯ್ ಅಂತದೆ. ಎಂಥ ಮಾಡುದು? ಇವಳನ್ನು ಎಬ್ಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಾನೇ ಹಾಲು ಕೊಟ್ಟೆ. ಐದು ದಿನ ಕೊಟ್ಟೆ. ಬೇಡ ಅಂತ ಬೈದವ ನಾನೇ, ಹಾಗಾಗಿ ಅವಳಿಗೆ ಹೇಳ್ಲಿಲ್ಲ. ಈಗ ಯೋಚನೆ ಆಗ್ತಾ ಉಂಟು. ನಾನು ಕೊಟ್ಟದ್ದರಿಂದ ಏನಾದ್ರೂ..."



"ಹೆಂಗ ಕೊಟ್ರಿ? ತೋರಸ್ರಿ," ಎಂದೆ.

ಅವರು ಖಾಲಿ ಕೈ ಮುಂದೆ ಹಿಡಿದರು. ಎಡ ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ, ಮರಿಯ ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ. ಬಲಗೈಯಲ್ಲಿ ಇಲ್ಲದ ಸಿರಿಂಜನ್ನು ತುದಿಬೆರಳಿನಿಂದ ಒತ್ತುತ್ತ, ನಡುನಡುವೆ ನಿಲ್ಲಿಸಿ ಕಾಯುತ್ತ. ಮಗಳು ಮಾಡುವುದನ್ನು ದೂರದಿಂದ ನೋಡಿಯೇ ಕಲಿತಿದ್ದರು. ಮೂವತ್ತು ವರ್ಷ ಮಾಡಿದ ನಾನೂ ಅದಕ್ಕಿಂತ ಚೆನ್ನಾಗಿ ಕೊಡುತ್ತಿರಲಿಲ್ಲ.

"ಸರಿಯಾಗೇ ಕೊಟ್ಟೀರಿ," ಎಂದೆ. "ನಿಮ್ಮಿಂದ ಏನೂ ಆಗಿಲ್ಲ. ಅವಳಿಂದನೂ ಆಗಿಲ್ಲ. ಆದರ ಇದನ್ನ ನೀವು ಅವಳಿಗೆ ಹೇಳಬೇಕು. ಈಗ, ನಾಳೆ ಅಲ್ಲ."

"ಛೆ, ಅವಳಿಗೆ ಯಾಕೆ..."

"ಹೇಳಬೇಕ್ರಿ," ಎಂದು ಅವರ ತೋಳು ಹಿಡಿದೆ. ಗುರುತಿಲ್ಲದ ಗಂಡಸಿನ ತೋಳು ಹಿಡಿದದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಒಳಗೆ ಕರೆದುಕೊಂಡು ಹೋದೆ. "ಶ್ರಾವ್ಯಾ, ಅಪ್ಪ ಏನೋ ಹೇಳತಾರ, ಕೇಳು."

ಸದಾನಂದ ಅವರು ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಗಳ ತೊಡೆಯ ಮೇಲಿದ್ದ ಬಟ್ಟೆಯ ಗಂಟನ್ನು ನೋಡಿದರು. ಯಾವುದೋ ತಪ್ಪು ಒಪ್ಪಿಕೊಳ್ಳುವವರ ಹಾಗೆ, ಐದು ಗಂಟೆಯ ಹಾಲಿನ ವಿಷಯ ಹೇಳಿದರು.

ಅವಳು ತಲೆಯೆತ್ತಿದಳು. "ರೋಜ್?"

"ಐದು ದಿನವೂ."

"ಅಪ್ಪಾ, ಸಚ್ ಬೋಲೋ."

"ಸುಳ್ಳು ಹೇಳ್ಲಿಕ್ಕೆ ಏನುಂಟು? ಎರಡು ಎಂಎಲ್ ಕುಡೀತಿತ್ತು. ಮೊನ್ನೆ ಒಂದೂವರೆ."

ಆಗ ಅವಳಿಗೆ ಅಳು ಬಂತು. ಎಂಟು ದಿನದ ನಿದ್ದೆಗೇಡೆಲ್ಲ ಒಟ್ಟಿಗೆ ಬಂದ ಹಾಗೆ ಅತ್ತಳು. ಅವರು ಏನು ಮಾಡಬೇಕೆಂದು ತಿಳಿಯದೆ ಪಕ್ಕದ ಸ್ಟೂಲಿನ ಮೇಲೆ ಕೂತರು. ಕಿಸೆಯಲ್ಲಿ ಫೋನು ರಿಂಗಾಯಿತು. ನೋಡಿ, ಬಂದ್ ಮಾಡಿದರು. ಅವಳ ಅಳು ಒಂದಿಷ್ಟು ಇಳಿದಾಗ ಅವರು ಒಂದೇ ಬೆರಳಿನಿಂದ ಬಟ್ಟೆ ಸರಿಸಿ ಮರಿಯ ಹಣೆ ಮುಟ್ಟಿದರು.

"ಬಲಗಣ್ಣು ಇವ ನಿನ್ನೆ ಬಿಟ್ಟದ್ದು," ಎಂದರು. "ನಿನಗೆ ಗೊತ್ತುಂಟಾ? ಹಾಲು ಕುಡ್ದು ಆಗಿ, ಸಣ್ಣ ಗೆರೆ ಹಾಗೆ. ಒಳಗೆ ನೀಲಿ. ನನ್ನನ್ನೇ ನೋಡಿತು."

"ನಿನ್ನೆ? ಮೈನೆ ತೋ ದೇಖಾ ನಹೀ. ನಾನು ನೋಡಿದಾಗ ಮುಚ್ಚೇ ಇತ್ತು."

"ಮತ್ತೆ ಮುಚ್ಚಿಕೊಂಡಿತು. ಒಂದು ನಿಮಿಷ ಇರ್ಬಹುದು."

"ನನ್ನನ್ನು ಎಬ್ಬಿಸ್ಬೇಕಿತ್ತು ಅಪ್ಪಾ."

"ಹೌದು," ಎಂದರು ಅವರು. "ಎಬ್ಬಿಸ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡು, "ನೀಲಿ ಮತ್ಲಬ್? ಎಂಥ ನೀಲಿ?" ಎಂದು ಕೇಳಿದಳು. ಅವರು ಹೇಳತೊಡಗಿದರು.

ಹೊರಗೆ ಇನ್ನೊಂದು ಮರಿಯ ಬುಟ್ಟಿ ಹಿಡಿದು ಒಬ್ಬರು ಕಾಯುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ.